ಚಿಕ್ಕಪ್ಪನ ಪೆಟ್ಟಿಗೆಯ ರೀಲುಗಳು: ಗೋಡೆಯ ಮೇಲೆ ಬಿಡುವ ಮುನ್ನ

ಪ್ರಶ್ನೆ: ನಮ್ಮ ಚಿಕ್ಕಪ್ಪ 1960 ಮತ್ತು 70ರ ದಶಕಗಳಲ್ಲಿ ಅಮೆರಿಕದಲ್ಲಿದ್ದರು. ಅವರ ಪೆಟ್ಟಿಗೆಯೊಂದು ಈಗ ಮೈಸೂರಿನ ನಮ್ಮ ಮನೆ ಸೇರಿದೆ. ಅದರಲ್ಲಿ ಅಂಗೈಯಗಲದ ಇಪ್ಪತ್ತಕ್ಕೂ ಹೆಚ್ಚು ರೀಲುಗಳು, ಅಂಗಡಿಯಲ್ಲಿ ಕೊಂಡ ಮೂರು ಕಾರ್ಟೂನು–ಹಾಸ್ಯ ಚಿತ್ರಗಳು, ಒಂದು ದೊಡ್ಡ 16 ಎಂಎಂ ರೀಲು ಇವೆ. ಜೊತೆಗೆ ‘120 ವೋಲ್ಟ್, 60 ಸೈಕಲ್’ ಎಂದು ಬರೆದಿರುವ 8 ಎಂಎಂ ಪ್ರೊಜೆಕ್ಟರ್ ಇದೆ. ಒಂದು ಡಬ್ಬಿ ತೆರೆದರೆ ವಿನೆಗರ್‌ನಂಥ ಹುಳಿ ವಾಸನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಮೆಷಿನ್ ಓಡುತ್ತದೆ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ದಸರಾಕ್ಕೆ ಎಲ್ಲರೂ ಸೇರಿದಾಗ ತೋರಿಸುವ ಆಸೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಪೆಟ್ಟಿಗೆಯಲ್ಲಿರುವುದು ಎರಡು ಜಾತಿಯ ಫಿಲ್ಮು. ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಕೊಂಡ ಕಾರ್ಟೂನು ಸಾವಿರಾರು ಪ್ರಿಂಟುಗಳಲ್ಲಿ ಒಂದು; ಹರಿದರೆ ಬೇಜಾರು, ಆದರೆ ಇನ್ನೊಂದು ಎಲ್ಲಾದರೂ ಸಿಗುತ್ತದೆ. ಚಿಕ್ಕಪ್ಪ ಕ್ಯಾಮೆರಾದಲ್ಲಿ ತೆಗೆದ ರೀಲುಗಳಿಗೆ ಹೆಚ್ಚುಕಡಿಮೆ ಖಂಡಿತವಾಗಿ ನೆಗೆಟಿವ್ ಇಲ್ಲ. ಆ ಕಾಲದ ಮನೆಬಳಕೆಯ ಫಿಲ್ಮೆಲ್ಲ ರಿವರ್ಸಲ್. ಕ್ಯಾಮೆರಾದೊಳಗೆ ಬೆಳಕು ಕಂಡ ಅದೇ ಪಟ್ಟಿಯೇ ತೊಳೆದು ಬಂದು ಪರದೆಗೂ ಹೋಗುತ್ತದೆ. ಅದು ಹರಿದರೆ ಜಗತ್ತಿನಲ್ಲಿ ಮತ್ತೊಂದಿಲ್ಲ. ಆದ್ದರಿಂದ ಮೆಷಿನ್ ಪರೀಕ್ಷೆಗೆ, ಲೋಡ್ ಮಾಡಿ ಕಲಿಯುವುದಕ್ಕೆ ಕೊಂಡ ರೀಲುಗಳನ್ನು ಬಳಸಿ. ಮನೆಯವರ ರೀಲು ಕೊನೆಗೆ ಬರಲಿ.

ಎರಡನೆಯದು ಅಳತೆ ಗುರುತಿಸುವುದು. ‘8 ಎಂಎಂ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಫಿಲ್ಮುಗಳಿವೆ. ಕೊಡ್ಯಾಕ್ 1932ರಲ್ಲಿ ತಂದದ್ದು ಸ್ಟ್ಯಾಂಡರ್ಡ್ 8 ಅಥವಾ ರೆಗ್ಯುಲರ್ 8. 1965ರಲ್ಲಿ ಬಂದದ್ದು ಸೂಪರ್ 8. ಎರಡರ ಅಗಲವೂ ಒಂದೇ, ಅಂಚಿನ ತೂತು ಮಾತ್ರ ಬೇರೆ. ಸ್ಟ್ಯಾಂಡರ್ಡ್ 8ರ ತೂತು ದೊಡ್ಡದು. ಎರಡು ಚೌಕಟ್ಟುಗಳ (ಫ್ರೇಮುಗಳ) ನಡುವಿನ ಗೆರೆಯ ನೇರಕ್ಕೆ ಇರುತ್ತದೆ. ಸೂಪರ್ 8ರ ತೂತು ಸಣ್ಣದು. ಪ್ರತಿ ಚೌಕಟ್ಟಿನ ನಡುಮಧ್ಯದ ನೇರಕ್ಕೆ ಬರುತ್ತದೆ. ರೀಲಿನ ನಡುವಿನ ರಂಧ್ರವೂ ಸುಳಿವು ಕೊಡುತ್ತದೆ: ಸ್ಟ್ಯಾಂಡರ್ಡ್‌ನದು ಸಣ್ಣದು, ಸೂಪರ್‌ನದು ಅರ್ಧ ಇಂಚಿನಷ್ಟು ದೊಡ್ಡದು. ಆದರೂ ಯಾರೋ ರೀಲು ಬದಲಿಸಿ ಸುತ್ತಿರಬಹುದು, ಹಾಗಾಗಿ ತೂತನ್ನೇ ನಂಬಿ. 1960–70ರ ದಶಕಗಳ ಸಂಗ್ರಹವಾದ್ದರಿಂದ ನಿಮ್ಮ ಪೆಟ್ಟಿಗೆಯಲ್ಲಿ ಎರಡೂ ಬೆರೆತಿರುವ ಸಾಧ್ಯತೆ ಹೆಚ್ಚು. ಒಂದರ ಮೆಷಿನ್‌ನಲ್ಲಿ ಇನ್ನೊಂದನ್ನು ಓಡಿಸಿದರೆ ಎಳೆಯುವ ಉಗುರು ತೂತಿಗೆ ಬೀಳದೆ ಫಿಲ್ಮನ್ನೇ ಕೊರೆಯುತ್ತದೆ. ನಿಮ್ಮ ಪ್ರೊಜೆಕ್ಟರ್‌ನಲ್ಲಿ ಎರಡಕ್ಕೂ ಬದಲಿಸುವ ಸ್ವಿಚ್ ಇದೆಯೇ ನೋಡಿ. ಕೆಲವು ಮೆಷಿನ್‌ಗಳಲ್ಲಿ ಸ್ವಿಚ್ಚಿನ ಜೊತೆಗೆ ಹಲ್ಲುಚಕ್ರವನ್ನೋ ಗೇಟಿನ (ಲ್ಯಾಂಪಿನ ಮುಂದೆ ಫಿಲ್ಮು ಹಾಯುವ ಕಿಂಡಿ) ತಗಡನ್ನೋ ಕೈಯಿಂದ ಬದಲಿಸಬೇಕಾಗುತ್ತದೆ.

ಆ 16 ಎಂಎಂ ರೀಲು ಈ ಮೆಷಿನ್‌ಗೆ ಹತ್ತುವುದೇ ಇಲ್ಲ. ವಾರ್ತಾ ಇಲಾಖೆಯವರು ಊರೂರಿಗೆ ಬಂದು ಶಾಲಾ ಮೈದಾನದಲ್ಲಿ ಸಾಕ್ಷ್ಯಚಿತ್ರ ತೋರಿಸುತ್ತಿದ್ದರಲ್ಲ, ಅದು 16 ಎಂಎಂ. ಫಿಲ್ಮ್ ಸೊಸೈಟಿಗಳು ಬಹುಕಾಲ ನಡೆದದ್ದೂ ಅದರ ಮೇಲೇ. ಬೇರೆಯವರಿಂದ 16 ಎಂಎಂ ಮೆಷಿನ್ ಎರವಲು ತಂದರೆ ಒಂದು ಎಚ್ಚರಿಕೆ: ಧ್ವನಿ ಇರುವ 16 ಎಂಎಂ ಪ್ರಿಂಟಿಗೆ ಒಂದೇ ಅಂಚಿನಲ್ಲಿ ತೂತು, ಇನ್ನೊಂದು ಅಂಚಿನಲ್ಲಿ ಧ್ವನಿಪಟ್ಟಿ. ಹಳೆಯ ಮೂಕಿ ಪ್ರೊಜೆಕ್ಟರ್‌ಗಳ ಚಕ್ರಕ್ಕೆ ಎರಡೂ ಕಡೆ ಹಲ್ಲು ಇರುತ್ತದೆ. ಅದು ಧ್ವನಿಪಟ್ಟಿಯ ಉದ್ದಕ್ಕೂ ತೂತು ಹೊಡೆದುಕೊಂಡು ಹೋಗುತ್ತದೆ.

ಈಗ ಹುಳಿ ವಾಸನೆಯ ಡಬ್ಬಿ. ಈ ಫಿಲ್ಮುಗಳ ತಳ ಸೆಲ್ಯುಲೋಸ್ ಅಸಿಟೇಟ್. ಸೆಕೆ ಮತ್ತು ತೇವದಲ್ಲಿ ಅದು ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಆಮ್ಲವನ್ನೇ, ಬಿಡುತ್ತದೆ. ಹೊರಬಂದ ಆಮ್ಲ ಒಡೆಯುವಿಕೆಯನ್ನು ಇನ್ನಷ್ಟು ಚುರುಕಾಗಿಸುತ್ತದೆ. ಒಮ್ಮೆ ಶುರುವಾದದ್ದನ್ನು ನಿಧಾನ ಮಾಡಬಹುದು, ಹಿಂದಕ್ಕೆ ತಿರುಗಿಸಲಾಗದು. ಆ ಡಬ್ಬಿಯನ್ನು ಇವತ್ತೇ ಬೇರೆ ಕೋಣೆಗೆ ಒಯ್ಯಿರಿ. ಆವಿ ಪಕ್ಕದ ರೀಲುಗಳಿಗೂ ಹತ್ತುತ್ತದೆ. ಮುಚ್ಚಳ ಬಿಗಿಯಾಗಿ ಮುಚ್ಚಬೇಡಿ, ಗಾಳಿ ಆಡಲಿ. ವಾಸನೆ ಬಂದ ಮಾತ್ರಕ್ಕೆ ರೀಲು ಸತ್ತಿದೆ ಎಂದಲ್ಲ. ಓಡಿಸಬಹುದೋ ಬಾರದೋ ಎನ್ನುವುದನ್ನು ನಿರ್ಧರಿಸುವುದು ಅದು ಎಷ್ಟು ಕುಗ್ಗಿದೆ ಎಂಬುದು. ಅದನ್ನು ಮನೆಯಲ್ಲೇ ಅಳೆಯಬಹುದು.

ಮೇಜಿನ ಮೇಲೆ ಉಕ್ಕಿನ ಸ್ಕೇಲು ಇಟ್ಟು, ಫಿಲ್ಮನ್ನು ಎಳೆಯದೆ ಚಪ್ಪಟೆಯಾಗಿ ಮಲಗಿಸಿ. ಒಂದು ತೂತಿನ ಮೇಲಂಚಿನಿಂದ ಶುರುಮಾಡಿ ನೂರು ಅಂತರ ಎಣಿಸಿ, ಅಂದರೆ ನೂರೊಂದನೆಯ ತೂತಿನ ಮೇಲಂಚಿನವರೆಗೆ. ಕುಗ್ಗದ ಸೂಪರ್ 8 ಇಲ್ಲಿ 423.4 ಮಿ.ಮೀ. ಇರಬೇಕು. ಸ್ಟ್ಯಾಂಡರ್ಡ್ 8 ಆದರೆ 381, 16 ಎಂಎಂ ಪ್ರಿಂಟ್ ಆದರೆ 762 ಮಿ.ಮೀ. ಶೇ. 1ರಷ್ಟು ಕುಗ್ಗಿದ್ದರೆ ಇವು ಕ್ರಮವಾಗಿ 419, 377, 754ರ ಹತ್ತಿರ ಬರುತ್ತವೆ. ಶೇ. 0.8 ದಾಟಿದ್ದನ್ನು ಅನುಭವಿಯ ಕೈಯಲ್ಲಿ ಮಾತ್ರ ಓಡಿಸಬೇಕು; ಶೇ. 1 ದಾಟಿದ್ದನ್ನು ಪ್ರೊಜೆಕ್ಟರ್‌ಗೆ ಹಾಕಲೇಬೇಡಿ. ಹಲ್ಲಿನ ಅಂತರ ಬದಲಾಗುವುದಿಲ್ಲ, ತೂತಿನ ಅಂತರ ಮಾತ್ರ ಕಮ್ಮಿಯಾಗಿರುತ್ತದೆ. ಪ್ರತಿ ಚೌಕಟ್ಟಿಗೂ ಉಗುರು ತೂತಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಸೀಳುತ್ತದೆ. ಪರದೆಯ ಮೇಲೆ ಚಿತ್ರ ನಡುಗುತ್ತಿದೆ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಹತ್ತಾರು ಅಡಿ ಹಾಳಾಗಿರುತ್ತದೆ. ರೀಲಿನ ಮೊದಲ ಅಡಿಯಲ್ಲಿ ಮಾತ್ರ ಅಳೆಯದೆ ಒಳಗೂ ಒಂದೆರಡು ಕಡೆ ಅಳೆಯಿರಿ. ಕುಗ್ಗಿದ ರೀಲನ್ನು ಹಲ್ಲುಚಕ್ರವಿಲ್ಲದೆ ಉರುಳೆಗಳ ಮೇಲೆ ಸಾಗಿಸುವ ಸ್ಕ್ಯಾನರ್ ಇರುವವರಿಗೆ ಕೊಟ್ಟು ಚೌಕಟ್ಟು ಚೌಕಟ್ಟಾಗಿ ಡಿಜಿಟಲ್ ಮಾಡಿಸುವುದೇ ದಾರಿ. ಹುಳಿ ವಾಸನೆಯದ್ದಕ್ಕೆ ಮೊದಲ ಸರದಿ.

ಎಲೆಕ್ಟ್ರಿಷಿಯನ್ ಹೇಳಿದ್ದು ಅರ್ಧ ಸರಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಸೈಕಲ್ಲನ್ನು, ಅಂದರೆ ಹರ್ಟ್ಸ್‌ನಲ್ಲಿ ಹೇಳುವ ಕರೆಂಟಿನ ಆವರ್ತನವನ್ನು, ಬದಲಿಸುವುದಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಮೆಷಿನ್‌ನಲ್ಲಿರುವುದು ಇಂಡಕ್ಷನ್ ಮೋಟಾರು ಆದರೆ ಅದು ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ಸೆಕೆಂಡಿಗೆ 18 ಚೌಕಟ್ಟು ಓಡಬೇಕಾದಲ್ಲಿ 15, 24ರ ಬದಲು 20. ಮೂಕಿ ರೀಲಿನಲ್ಲಿ ಜನ ಕೊಂಚ ಸಾವಧಾನವಾಗಿ ನಡೆದಂತೆ ಕಂಡೀತು, ಬೆಳಕಿನ ಮಿಣುಕು ಹೆಚ್ಚೀತು. ಧ್ವನಿ ಇರುವ ರೀಲಿನಲ್ಲಂತೂ ಶ್ರುತಿ ಮೂರು ಸ್ವರಸ್ಥಾನ ಇಳಿಯುತ್ತದೆ. ಐದು ಮನೆಯಲ್ಲಿ ಹಾಡಿದ್ದು ಮೂರು ಮನೆಯಲ್ಲಿ ಕೇಳಿಸುತ್ತದೆ. ಪರಿಹಾರ ಮೋಟಾರಿನ ಪುಲ್ಲಿಯಲ್ಲಿದೆ. ಎರಡೂ ದೇಶಗಳಿಗೆ ಮಾರಿದ ಅನೇಕ ಮೆಷಿನ್‌ಗಳಲ್ಲಿ ಪುಲ್ಲಿಗೆ ಎರಡು ಮೆಟ್ಟಿಲು ಇರುತ್ತದೆ. ಬೆಲ್ಟನ್ನು ದೊಡ್ಡ ಮೆಟ್ಟಿಲಿಗೆ ಏರಿಸಿದರೆ 50 ಹರ್ಟ್ಸ್‌ಗೆ ಸರಿಹೋಗುತ್ತದೆ. ಒಂದೇ ಮೆಟ್ಟಿಲಿದ್ದರೆ ಸರಿಯಾಗಿ 1.2 ಪಟ್ಟು ವ್ಯಾಸದ ಪುಲ್ಲಿಯನ್ನು ಲೇತ್‌ನಲ್ಲಿ ಮಾಡಿಸಬೇಕು. ಕಾರ್ಬನ್ ಬ್ರಷ್ ಇರುವ ಮೋಟಾರಿಗೂ ಡಿಸಿ ಮೋಟಾರಿಗೂ ಈ ತೊಂದರೆಯಿಲ್ಲ.

ಇನ್ನೊಂದು ಸಂಗತಿ ಕಡಿಮೆ ಜನರಿಗೆ ಗೊತ್ತು. 60 ಹರ್ಟ್ಸ್‌ಗೆಂದು ಮಾಡಿದ ಮೆಷಿನ್ನಿನ ಒಳಗಿನ ಟ್ರಾನ್ಸ್‌ಫಾರ್ಮರೂ ಮೋಟಾರೂ 50ರಲ್ಲಿ ಹೆಚ್ಚು ಬಿಸಿಯಾಗುತ್ತವೆ. ಹಾಗಾಗಿ ಹೊರಗಿನ ಸ್ಟೆಪ್‌ಡೌನ್‌ನಿಂದ 120 ಅಲ್ಲ, 110 ಅಥವಾ 100 ವೋಲ್ಟ್ ತೆಗೆಯಿರಿ. ಮೆಷಿನ್ ಹಿಂದಿನ ತಗಡಿನಲ್ಲಿ ಬರೆದ ವಾಟ್ಸ್‌ನ ಕನಿಷ್ಠ ಒಂದೂವರೆ ಪಟ್ಟು ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕು: 200 ವಾಟ್ಸ್‌ಗೆ 300 ವಿಎ (ವೋಲ್ಟ್–ಆಂಪಿಯರ್) ಸಾಕು, 500 ಆದರೆ ನೆಮ್ಮದಿ. ಅದು ತಾಮ್ರದ ಸುರುಳಿಯ ಭಾರವಾದ ಟ್ರಾನ್ಸ್‌ಫಾರ್ಮರೇ ಆಗಿರಲಿ. ಪ್ರಯಾಣಕ್ಕೆಂದು ಮಾರುವ ಹಗುರ ಎಲೆಕ್ಟ್ರಾನಿಕ್ ಕನ್ವರ್ಟರ್ ಹೇರ್ ಡ್ರೈಯರ್‌ಗೆ ಆದೀತು, ಇದಕ್ಕಲ್ಲ.

ಪ್ಲಗ್ ಹಾಕುವ ಮೊದಲು ಮೆಷಿನ್ ತೆರೆಯಿರಿ. ಐವತ್ತು ವರ್ಷದ ರಬ್ಬರ್ ಬೆಲ್ಟು ಒಣಗಿ ಬಿರಿದಿರುತ್ತದೆ, ಇಲ್ಲವೇ ಕರಗಿ ಟಾರಿನಂತೆ ಪುಲ್ಲಿಗೆ ಅಂಟಿರುತ್ತದೆ. ಅದನ್ನು ಮರದ ಕಡ್ಡಿಯಿಂದ ಕೆರೆದು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹೊಸ ಬೆಲ್ಟಿನ ಅಳತೆಗೆ ಪುಲ್ಲಿಗಳ ಸುತ್ತ ದಾರ ಸುತ್ತಿ ಉದ್ದ ತೆಗೆಯಿರಿ. ರಬ್ಬರ್ ಬೆಲ್ಟು ಅದಕ್ಕಿಂತ ಶೇ. 5ರಿಂದ 8ರಷ್ಟು ಚಿಕ್ಕದಿದ್ದರೆ ಹಿಡಿತ ಸರಿಯಾಗಿರುತ್ತದೆ. ತೀರಾ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಅದರ ಮೇಲೆಯೇ ಎಣ್ಣೆ ಸುರಿಯಬೇಡಿ. ಗ್ರೀಸನ್ನು ಪೂರ್ತಿ ತೆಗೆದು, ಲೋಹದ ಬೇರಿಂಗಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದೇ ಹನಿ, ಗೇರಿಗೆ ತೆಳ್ಳಗೆ ಹೊಸ ಗ್ರೀಸು ಹಚ್ಚಿ. ಬೆಲ್ಟಿಗೂ ಗೇಟಿಗೂ ಎಣ್ಣೆ ತಾಗಬಾರದು. ಆಮೇಲೆ ಲ್ಯಾಂಪ್ ತೆಗೆದಿಟ್ಟು, ಮುಂದಿನ ಗುಬ್ಬಿಯನ್ನು (ನಾಬ್) ಕೈಯಿಂದ ತಿರುಗಿಸಿ. ಎಲ್ಲೂ ಸಿಕ್ಕಿಕೊಳ್ಳದೆ ಸುತ್ತಬೇಕು. ಸಿಕ್ಕಿಕೊಂಡರೆ ಮೋಟಾರಿನ ಬಲದಿಂದ ಬಿಡಿಸಲು ಹೋಗಬೇಡಿ, ಪ್ಲಾಸ್ಟಿಕ್ ಗೇರು ಮುರಿಯುತ್ತದೆ.

ಮೊದಲ ಸಲ ಕರೆಂಟು ಕೊಡುವಾಗ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಸೀರೀಸ್ ಲ್ಯಾಂಪ್ ಹಾಕಲು ಹೇಳಿ. ಇದು ಅವರಿಗೆ ಗೊತ್ತಿರುವ ಕೆಲಸ. 100 ವಾಟ್ಸ್‌ನ ಹಳದಿ ಬಲ್ಬು ಸರಣಿಯಲ್ಲಿರಲಿ, ಪ್ರೊಜೆಕ್ಟರ್ ಲ್ಯಾಂಪ್ ಹೊರಗಿರಲಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆರಿಸಿ. ಅದು ಹಳೆಯದಾಗಿ ಕೆಟ್ಟ ಕೆಪಾಸಿಟರ್ ಇರಬಹುದು.

ಲ್ಯಾಂಪ್ ಕೊಳ್ಳುವಾಗ ಅದರ ಮೇಲಿನ ಮೂರಕ್ಷರದ ಸಂಕೇತ ನೋಡಿ. ಇಎಫ್‌ಪಿ ಎಂದರೆ 12 ವೋಲ್ಟ್ 100 ವಾಟ್ಸ್, ಇಎಫ್‌ಆರ್ ಎಂದರೆ 15 ವೋಲ್ಟ್ 150 ವಾಟ್ಸ್. ನೋಡಲು ಅವಳಿಗಳಂತಿವೆ. 15ರ ಮೆಷಿನ್ನಿಗೆ 12ರ ಲ್ಯಾಂಪ್ ಹಾಕಿದರೆ ಬೇಗನೆ ಸುಟ್ಟುಹೋಗುತ್ತದೆ. ತಿರುಗುಮುರುಗಾದರೆ ಪರದೆ ಹಳದಿಗಟ್ಟುತ್ತದೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಬ್ಬದ ದಿನ ಅಂಗಡಿಗಳು ಮುಚ್ಚಿರುತ್ತವೆ, ಒಂದು ಲ್ಯಾಂಪ್ ಹೆಚ್ಚಿಗೆ ಇರಲಿ.

ಫಿಲ್ಮು ಹಾದುಹೋಗುವ ದಾರಿಯೆಲ್ಲ ಸ್ವಚ್ಛವಾಗಿರಬೇಕು, ಗೇಟು ಎಲ್ಲಕ್ಕಿಂತ ಹೆಚ್ಚು. ಸೂಪರ್ 8 ಚೌಕಟ್ಟಿನಲ್ಲಿ ಪರದೆಗೆ ಹೋಗುವ ಭಾಗ 5.36 ಮಿ.ಮೀ. ಅಗಲ, 4.01 ಮಿ.ಮೀ. ಎತ್ತರ. ಅದನ್ನು 1.2 ಮೀಟರ್ ಅಗಲಕ್ಕೆ ಹಿಗ್ಗಿಸಿದರೆ 224 ಪಟ್ಟು. 0.05 ಮಿ.ಮೀ. ದಪ್ಪದ ಕೂದಲೆಳೆ ಪರದೆಯಲ್ಲಿ ಬೆರಳಿನ ದಪ್ಪ ಕಾಣುತ್ತದೆ! ಗೇಟನ್ನು ಮೆತ್ತಗಿನ ಬ್ರಷ್‌ನಿಂದ ಗುಡಿಸಿ, ಗಟ್ಟಿಯಾಗಿ ಕೂತ ಎಮಲ್ಷನ್ (ಚಿತ್ರವಿರುವ ಜೆಲಟಿನ್ ಪದರ) ಚೂರನ್ನು ಬಿದಿರಿನ ಹಲ್ಲುಕಡ್ಡಿಯಿಂದ ಎಬ್ಬಿಸಿ. ಪಿನ್ನು, ಚಾಕು, ಸ್ಕ್ರೂಡ್ರೈವರ್ ಬೇಡ: ಗೇಟಿನ ಮೇಲೆ ಬಿದ್ದ ಒಂದು ಗೀರು ಮುಂದೆ ಹಾದುಹೋಗುವ ಪ್ರತಿ ರೀಲಿಗೂ ಗೀರು ಹಾಕುತ್ತದೆ. ಆಮೇಲೆ ಬೇಡವಾದ ಒಂದು ಮೀಟರ್ ಫಿಲ್ಮನ್ನು ಎರಡು ತುದಿ ಜೋಡಿಸಿ ಬಳೆಯಂತೆ ಮಾಡಿ ಇಪ್ಪತ್ತು ಸುತ್ತು ಓಡಿಸಿ, ಭೂತಗನ್ನಡಿಯಲ್ಲಿ ನೋಡಿ. ಉದ್ದಕ್ಕೆ ಹೊಸ ಗೆರೆ ಬಿದ್ದಿದ್ದರೆ ದಾರಿಯಲ್ಲಿ ಎಲ್ಲೋ ಕಸ ಉಳಿದಿದೆ. ಪರದೆಯಲ್ಲಿ ಕಪ್ಪಾಗಿ ಕಾಣುವ ಗೆರೆ ತಳದ ಕಡೆಯದು. ಹಸಿರು ಅಥವಾ ಹಳದಿಯಾಗಿ ಕಂಡರೆ ಎಮಲ್ಷನ್ನೇ ಕಿತ್ತಿದೆ. ಈ ಪರೀಕ್ಷೆ ಪಾಸಾಗದ ಮೆಷಿನ್‌ಗೆ ಚಿಕ್ಕಪ್ಪನ ರೀಲು ಕೊಡಬೇಡಿ.

ಇನ್ನು ರೀಲುಗಳ ಪರಿಶೀಲನೆ. ಹತ್ತಿಯ ಕೈಗವಸು ಹಾಕಿ, ಫಿಲ್ಮಿನ ಎರಡು ಅಂಚುಗಳನ್ನು ಹೆಬ್ಬೆರಳು–ತೋರುಬೆರಳಿನ ನಡುವೆ ಹಗುರವಾಗಿ ಹಿಡಿದು ನಿಧಾನವಾಗಿ ಸುತ್ತಿಸಿ. ಹರಿದ ಅಂಚು, ಎದ್ದ ಜೋಡಣೆ ಗವಸಿಗೆ ಸಿಕ್ಕುತ್ತದೆ. ಹಳೆಯ ಸಿಮೆಂಟ್ (ಫಿಲ್ಮಿನ ದ್ರವ ಅಂಟು) ಜೋಡಣೆಗಳು ಮುಟ್ಟಿದರೆ ಬಿಡುವುದು ಮಾಮೂಲು. ಅವನ್ನು ಸ್ಪ್ಲೈಸರ್ ಎಂಬ ಫಿಲ್ಮು ಜೋಡಿಸುವ ಸಾಧನದಲ್ಲಿಟ್ಟು ಫಿಲ್ಮಿಗೆಂದೇ ಮಾಡಿದ, ತೂತಿರುವ ಸ್ಪ್ಲೈಸಿಂಗ್ ಟೇಪಿನಿಂದ ಎರಡೂ ಬದಿ ಅಂಟಿಸಿ. ಮನೆಯಲ್ಲಿರುವ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಸೋರಿ ಪಕ್ಕದ ಸುತ್ತುಗಳನ್ನೂ ಹಿಡಿದುಬಿಡುತ್ತದೆ. ಪ್ರತಿ ರೀಲಿನ ಮುಂದೆ ಆರಡಿ ಲೀಡರ್, ಅಂದರೆ ಚಿತ್ರವಿಲ್ಲದ ಖಾಲಿ ಫಿಲ್ಮು, ಸೇರಿಸಿ. ಲೋಡ್ ಮಾಡುವಾಗ ನರಳುವುದು ಆ ಲೀಡರ್ ಆಗಿರಲಿ, ಚಿತ್ರದ ಮೊದಲ ದೃಶ್ಯವಲ್ಲ.

ಬೂಸಲು ಬಂದಿದ್ದರೆ ನೀರು, ಒದ್ದೆ ಬಟ್ಟೆ ತಾಗಿಸಬೇಡಿ. ಬೂಸಲು ಜೆಲಟಿನ್ ಪದರವನ್ನು ತಿಂದು ನೀರಿನಲ್ಲಿ ಕರಗುವಂತೆ ಮಾಡಿರುತ್ತದೆ. ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಒಣಗಿಸಿ, ಮೆತ್ತಗೆ ಗುಡಿಸಿ. ಮಾಮೂಲು ಧೂಳಿಗೆ ನೂಲು ಬಿಡದ ಬಟ್ಟೆಗೆ ಶೇ. 99ರ ಐಸೊಪ್ರೊಪೈಲ್ ಹಚ್ಚಿ, ಒಂದು ಅಡಿಯಲ್ಲಿ ಪ್ರಯತ್ನಿಸಿ ನೋಡಿ ಮುಂದುವರಿಯಬಹುದು. ಅಂಚಿನಲ್ಲಿ ಕಂದು ಬಣ್ಣದ ಮ್ಯಾಗ್ನೆಟಿಕ್ ಧ್ವನಿಪಟ್ಟಿ ಇದ್ದರೆ ಅದು ಏಳದಂತೆ ಇನ್ನಷ್ಟು ಜೋಪಾನ. ಹಳೆಯ ಕೈಪಿಡಿಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸಿ ಎಂದಿರುತ್ತದೆ. ಅದು ಯಕೃತ್ತಿಗೆ ವಿಷ, ಮನೆಗೆ ತರಬೇಡಿ.

ಬಣ್ಣದ ವಿಚಾರದಲ್ಲಿ ನಿಮಗೆ ಆಶ್ಚರ್ಯ ಕಾದಿರಬಹುದು. ಚಿಕ್ಕಪ್ಪ ಕೊಡ್ಯಾಕ್‌ನ ಕೊಡಾಕ್ರೋಮ್ ಬಣ್ಣದ ಫಿಲ್ಮು ಬಳಸಿದ್ದರೆ ಕತ್ತಲಲ್ಲಿದ್ದ ಆ ರೀಲುಗಳ ಕೆಂಪು ಸೀರೆ, ನೀಲಿ ಕಾರು ನಿನ್ನೆ ತೆಗೆದಂತೆ ಇರುತ್ತವೆ. ಅಂಗಡಿಯ ಕಾರ್ಟೂನ್ ಪ್ರಿಂಟು ಮಾತ್ರ ಪೂರ್ತಿ ಗುಲಾಬಿಯಾಗಿರುತ್ತದೆ, ಏಕೆಂದರೆ ಆ ಕಾಲದ ಈಸ್ಟ್‌ಮನ್ ಪ್ರಿಂಟ್ ಫಿಲ್ಮಿನಲ್ಲಿ ನೀಲಿ–ಹಸಿರು ಛಾಯೆಯ ಬಣ್ಣ ಮೊದಲು ಮಾಸುತ್ತದೆ. ಲೆನ್ಸ್ ಮುಂದೆ ತೆಳು ಸಯಾನ್ ಫಿಲ್ಟರ್ ಹಿಡಿದರೆ ಕಣ್ಣಿಗೆ ಸ್ವಲ್ಪ ಹಿತ, ಬೆಳಕು ಮಾತ್ರ ಕುಗ್ಗುತ್ತದೆ.

ಕೋಣೆಯ ಲೆಕ್ಕ ಸುಲಭ. ಬೇಕಾದ ಚಿತ್ರದ ಅಗಲವನ್ನು ಲೆನ್ಸಿನ ಫೋಕಲ್ ಉದ್ದದಿಂದ ಗುಣಿಸಿ ಚೌಕಟ್ಟಿನ ಅಗಲದಿಂದ ಭಾಗಿಸಿ. 20 ಮಿ.ಮೀ. ಲೆನ್ಸಿನಲ್ಲಿ ಸೂಪರ್ 8ನ್ನು 1.2 ಮೀಟರ್ ಅಗಲಕ್ಕೆ ಬಿಡಲು ಸುಮಾರು ನಾಲ್ಕೂವರೆ ಮೀಟರ್ ದೂರ ಬೇಕು. 100 ವಾಟ್ಸ್ ಲ್ಯಾಂಪಿಗೆ ಇದೇ ಹಿತವಾದ ಅಳತೆ. ಗೋಡೆ ತುಂಬ ಬಿಡುವ ಆಸೆ ಬೇಡ: ಅಗಲ ಎರಡರಷ್ಟಾದರೆ ಬೆಳಕು ಕಾಲು ಪಾಲಾಗುತ್ತದೆ. ಬಿಳಿ ಬೆಡ್‌ಶೀಟಿನಲ್ಲಿ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಹೊಳಪಿಲ್ಲದ ಬಿಳಿ ಬಣ್ಣ ಬಳಿದ ನುಣುಪು ಗೋಡೆಯೇ ಉತ್ತಮ. ಸುತ್ತ ನಾಲ್ಕು ಬೆರಳಗಲ ಕಪ್ಪು ಬಟ್ಟೆಯ ಅಂಚು ಕಟ್ಟಿದರೆ ಚಿತ್ರ ಎದ್ದು ಕಾಣುತ್ತದೆ. ಬೀದಿದೀಪದ ಬೆಳಕು ಬರುವ ಕಿಟಕಿಗೆ ಕಂಬಳಿ ಹಾಕಿ.

ಓಡಿಸುವಾಗ ಕಿವಿ ಮೆಷಿನ್ ಕಡೆಗಿರಲಿ. ಗೇಟಿನ ಮೇಲೂ ಕೆಳಗೂ ಫಿಲ್ಮಿಗೆ ಒಂದೊಂದು ಸಡಿಲ ಬಳುಕು, ಲೂಪ್, ಇರಬೇಕು. ಚಕ್ರಗಳು ಒಂದೇ ಸಮನೆ ಸುತ್ತುತ್ತವೆ, ಗೇಟಿನಲ್ಲಿ ಫಿಲ್ಮು ನಿಂತು ನಿಂತು ಹೋಗುತ್ತದೆ. ಆ ಎರಡರ ನಡುವಿನ ಎಳೆತವನ್ನು ನುಂಗುವುದು ಈ ಲೂಪ್. ಕೆಟ್ಟ ಜೋಡಣೆ ಹಾದುಹೋದಾಗ ಕೆಳಗಿನ ಲೂಪ್ ಕಳೆದುಹೋಗುತ್ತದೆ. ಸಮನಾದ ಟರ್ರೆಂಬ ಸದ್ದು ಕಟಕಟ ಎಂದು ಒರಟಾಗುತ್ತದೆ, ಚಿತ್ರ ಮೇಲೆ ಕೆಳಗೆ ಕುಣಿಯುತ್ತದೆ. ಕೂಡಲೇ ನಿಲ್ಲಿಸಿ. ಮೊದಲು ಲ್ಯಾಂಪ್ ಆರಿಸಿ, ಆಮೇಲೆ ಮೋಟಾರು. ಉರಿಯುವ ಲ್ಯಾಂಪಿನ ಮುಂದೆ ನಿಂತ ಫಿಲ್ಮು ಕ್ಷಣದಲ್ಲಿ ಕಂದಾಗಿ ಗುಳ್ಳೆ ಎದ್ದು ಕರಗುತ್ತದೆ. ಅಸಿಟೇಟ್ ಆದ್ದರಿಂದ ಹಳೆಯ ಸಿನಿಮಾಗಳ ನೈಟ್ರೇಟ್ ಫಿಲ್ಮಿನಂತೆ ಭುಗ್ಗೆಂದು ಹೊತ್ತಿಕೊಳ್ಳುವ ಭಯವಿಲ್ಲ, ಆದರೆ ಆ ಚೌಕಟ್ಟು ಹೋದಂತೆಯೇ. ಇದೇ ಕಾರಣಕ್ಕೆ ಚಿತ್ರವನ್ನು ನಿಲ್ಲಿಸಿ ತೋರಿಸುವ ಗುಂಡಿಯನ್ನು ಮನೆಯ ರೀಲಿಗೆ ಬಳಸಬೇಡಿ, ಮಕ್ಕಳು ಎಷ್ಟೇ ಕೇಳಲಿ. ಹಿಂದಕ್ಕೆ ಓಡಿಸುವುದೂ ಬೇಡ.

50 ಅಡಿಯ ಸೂಪರ್ 8 ರೀಲು 18ರ ವೇಗದಲ್ಲಿ 3 ನಿಮಿಷ 20 ಸೆಕೆಂಡು ಓಡುತ್ತದೆ. ಅಷ್ಟೇ ಉದ್ದದ ಸ್ಟ್ಯಾಂಡರ್ಡ್ 8 ರೀಲು 16ರಲ್ಲಿ 4 ನಿಮಿಷ 10 ಸೆಕೆಂಡು. ರೀಲು ಬದಲಿಸಲು ಹೊಸಬರಿಗೆ ಎರಡು ನಿಮಿಷ ಬೇಕು. ಹಾಗಾಗಿ ಎಂಟು ರೀಲು, ನಡುವೆ ಒಂದು ಕಾರ್ಟೂನು ಎಂದರೆ ಮುಕ್ಕಾಲು ಗಂಟೆ ಮೀರುತ್ತದೆ, ಒಂದು ಸಂಜೆಗೆ ಧಾರಾಳ. 60 ಹರ್ಟ್ಸ್‌ನ ಮೆಷಿನ್ನಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಕಾಫಿ ವಿರಾಮ ಕೊಡಿ. ಲ್ಯಾಂಪ್ ಆರಿಸಿ ಫ್ಯಾನು ಮೂರು ನಿಮಿಷ ಓಡಲಿ.

ಯಾರಾದರೂ ಮೊಬೈಲಿನಲ್ಲಿ ಗೋಡೆಯಿಂದಲೇ ರೆಕಾರ್ಡ್ ಮಾಡುತ್ತಾರೆ. ಅದರಲ್ಲಿ ಮಿಣುಕು ಬರದಿರಲು ಒಂದು ಉಪಾಯವಿದೆ. ಮೂರು ಎಲೆಯ ಶಟರ್ (ತಿರುಗುತ್ತ ಬೆಳಕು ತಡೆಯುವ ತಗಡು) ಇರುವ ಪ್ರೊಜೆಕ್ಟರ್ ಸೆಕೆಂಡಿಗೆ 16⅔ ಚೌಕಟ್ಟಿನಲ್ಲಿ ಓಡಿದರೆ ಪರದೆ ಸರಿಯಾಗಿ 50 ಸಲ ಮಿನುಗುತ್ತದೆ. ಮೊಬೈಲನ್ನು 25 ಅಥವಾ 50ಕ್ಕೆ ಇಟ್ಟು, ವೇಗದ ಗುಬ್ಬಿಯನ್ನು ಮಿಣುಕು ನಿಲ್ಲುವವರೆಗೆ ತಿರುಗಿಸಿ. ನೆನಪಿಗೆ ಇಷ್ಟು ಸಾಕು. ಆದರೆ ಇದು ಸ್ಕ್ಯಾನಿಗೆ ಬದಲಿಯಲ್ಲ.

ಆಮೇಲೆ ರೀಲುಗಳನ್ನು ಅಟ್ಟಕ್ಕೆ ಏರಿಸಬೇಡಿ, ಹೆಂಚು–ತಾರಸಿಯ ಸೆಕೆಯೇ ಫಿಲ್ಮನ್ನು ಹುಳಿಯಾಗಿಸುವುದು. ಮನೆಯ ನಡುಕೋಣೆಯ ಕಪಾಟಿನಲ್ಲಿ, ನೆಲದಿಂದ ಮೇಲೆ, ಮಲಗಿಸಿ ಇಡಿ. ತೇವಾಂಶ ಶೇ. 30ರಿಂದ 50ರೊಳಗಿರಬೇಕು. ಮೈಸೂರಿನ ಬೇಸಿಗೆಯಲ್ಲಿ ಇದು ಸಾಧ್ಯ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಡಿಹ್ಯೂಮಿಡಿಫೈಯರ್ ಇಲ್ಲದೆ ಆಗದು. ಡಬ್ಬಿಯೊಳಗೆ ನುಸಿಗುಳಿಗೆ, ಕರ್ಪೂರ ಹಾಕಬೇಡಿ.

ಪ್ರದರ್ಶನದ ರಾತ್ರಿ ಒಬ್ಬರನ್ನು ನೋಟ್‌ಬುಕ್ಕಿನೊಂದಿಗೆ ಹಿರಿಯರ ಪಕ್ಕ ಕೂರಿಸಿ. ಪ್ರತಿ ರೀಲಿಗೂ ಒಂದು ಸಂಖ್ಯೆ ಕೊಟ್ಟಿರಿ. ಪರದೆಯಲ್ಲಿ ಮುಖ ಬಂದಾಗ ಅಜ್ಜಿಯೋ ದೊಡ್ಡಪ್ಪನೋ ‘ಇದು ಇಂಥವಳು’ ಎಂದು ಹೇಳಿದ್ದನ್ನು ರೀಲಿನ ಸಂಖ್ಯೆ, ನಿಮಿಷದ ಸಮೇತ ಆಗಲೇ ಬರೆದುಕೊಳ್ಳಲಿ, ಮೊಬೈಲಿನಲ್ಲಿ ಮಾತೂ ದಾಖಲಾಗಲಿ. ಮರುದಿನ ಆ ಹೆಸರುಗಳನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ಡಬ್ಬಿಯ ಹೊರಗೆ ಕಟ್ಟಿ. ಡಬ್ಬಿಯ ಒಳಗೆ ಕಾಗದ ಇಡಬೇಡಿ, ಅದು ತೇವ ಹೀರಿ ಫಿಲ್ಮಿಗೆ ಕೊಡುತ್ತದೆ.